ಎರಡು ಭಾಷೆ ಬಲ್ಲ ಗುಂಡಕಲ್ಲು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಭಾಷೆ ಕಿವಿಗೆ ಹಾಕಿಕೊಂಡಿರುವುದು ಚಟ್ನಿ ಅರೆಯುವ ಗುಂಡಕಲ್ಲು. ಅದರ ಬಲಗಿವಿಗೆ ಅರಬ್ಬಿ ಬಿದ್ದಿದೆ, ಎಡಗಿವಿಗೆ ಜುಲು ಬಿದ್ದಿದೆ. ಕಲ್ಲಿಗೆ ಕಿವಿ ಎಲ್ಲಿಂದ ಬಂತು ಎಂದು ಕೇಳಬೇಡಿ, ಅದನ್ನೇ ಹೇಳಲು ಕೂತಿದ್ದೇನೆ. ಇಷ್ಟು ಕಲಿತಿದ್ದರೂ ಅದು ಒಂದು ಮಾತಾಡುವುದಿಲ್ಲ. ಅದೊಂದೇ ವಿಷಯದಲ್ಲಿ ಅದು ನನಗಿಂತ ಬೇರೆ. ಇವತ್ತು ಬೆಳಿಗ್ಗೆ ಅವ್ವ ಶೇಂಗಾ ಚಟ್ನಿಗೆ ಕೂತು, ಆ ಗುಂಡಕಲ್ಲು ಈಕಡೆ ಕೊಡು ಅಂದಳು. ಎತ್ತಿಕೊಂಡೆ. ತಣ್ಣಗಿತ್ತು. ತಣ್ಣಗಿದ್ದದ್ದೇ ಆವತ್ತು ನನ್ನನ್ನು ಸಿಕ್ಕಿಸಿ ಹಾಕಿದ್ದು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಕಡಿಮೆ ಹೇಳುತ್ತಾರೆ. ಊರು ನಿಲಂಗಾ. ಅಪ್ಪನದು ಕಿರಾಣಿ ದುಕಾನು. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ದುಕಾನಿನಲ್ಲಿ ಎರಡೂ, ಗಿರಾಕಿ ಜಗಳ ತೆಗೆದರೆ ದಖನಿ. ಕನ್ನಡ ಅಕ್ಷರ ಕಲಿಸಿದವಳು ಉಮರ್ಗಾ ಕಡೆಯ ದಾಳಿಂಬ ಎಂಬ ಹಳ್ಳಿಯಿಂದ ಈ ಮನೆಗೆ ಬಂದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಪರಾತದಲ್ಲಿ ಜೋಳದ ಹಿಟ್ಟು ಹರವಿ ಅದರ ಮೇಲೆ ಬೆರಳಿನಿಂದ ತೀಡಿಸುತ್ತಿದ್ದಳು. ತಪ್ಪು ಬರೆದರೆ ಅದೇ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಹಾಗಾಗಿ ನನ್ನ ಎಷ್ಟೋ ತಪ್ಪುಗಳನ್ನು ಅಪ್ಪ ಬದನೆಕಾಯಿ ಪಲ್ಯದ ಜೊತೆ ತಿಂದು ಮುಗಿಸಿದ್ದಾರೆ.

ಇಷ್ಟು ಭಾಷೆ ಸಾಲದೆ ನಾನು ಫೋನಿನಲ್ಲಿ ಇನ್ನೆರಡಕ್ಕೆ ಕೈ ಹಾಕಿದೆ. ನನ್ನ ಗೆಳತಿಯರೆಲ್ಲ ಕೊರಿಯನ್ ಕಲಿಯುತ್ತಿದ್ದರು. ಅದರಲ್ಲಿ ನನಗೇನು ಲಾಭ? ಒಂದು ಶಬ್ದ ತಪ್ಪಿದರೆ ಹಿಡಿಯುವವರು ವರ್ಗದ ತುಂಬ. ನನಗೆ ಬೇಕಾದದ್ದು ನಿಲಂಗಾ ತಾಲೂಕಿನಲ್ಲಿ ಯಾರೂ ತಪ್ಪು ಹಿಡಿಯಲಾರದ ಭಾಷೆ. ಆಫ್ರಿಕಾದ ಜುಲು ಆರಿಸಿಕೊಂಡೆ. ಒಂದೇ ಆದರೆ ಜನ ಅಕಸ್ಮಾತ್ ಅನ್ನುತ್ತಾರೆ, ಎರಡಾದರೆ ಜಾಣೆ ಅನ್ನುತ್ತಾರೆ ಎಂದು ಅರಬ್ಬಿಯನ್ನೂ ಸೇರಿಸಿದೆ. ಕಲಿತದ್ದು ಎಷ್ಟು ಅಂದರೆ, ಒಂದು ಚಹಾ ಆರುವಷ್ಟರಲ್ಲಿ ಎರಡೂ ಮುಗಿದು ಇನ್ನೂ ಒಂದು ಗುಟುಕು ಉಳಿಯುತ್ತದೆ.

ಆದರೆ ಹೋಲಿಸುವುದಕ್ಕೆ ಭಾಷೆ ಬರಬೇಕೆಂದು ಯಾರು ಹೇಳಿದರು? ದೇವಣಿಯ ದನದ ಬಾಜಾರದಲ್ಲಿ ಹೋರಿ ಕೊಳ್ಳಲು ಬಂದವರಿಗಿಂತ ಸುಮ್ಮನೆ ನಿಂತವರೇ ಚೆನ್ನಾಗಿ ಹೋಲಿಸುತ್ತಾರೆ. ನಾನೂ ಹಾಗೆ ನಿಂತು ನೋಡಿದೆ. ನಮ್ಮ ಕನ್ನಡದಲ್ಲಿ ಒಂದು ಹಲವಾಯಿತೆಂದರೆ ಬಾಲ ಬೆಳೆಯುತ್ತದೆ: ಮರ, ಮರಗಳು. ಜುಲುವಿನಲ್ಲಿ ಬಾಲ ಮುಟ್ಟುವುದಿಲ್ಲ, ಮೂತಿ ಬದಲಾಗುತ್ತದೆ: ಒಬ್ಬ ಮನುಷ್ಯನಾದರೆ ಉಮುಂತು, ಹತ್ತು ಮಂದಿಯಾದರೆ ಅಬಂತು. ಅರಬ್ಬಿಯಲ್ಲಿ ಮೂತಿ ಬಾಲ ಎರಡೂ ಅಲ್ಲೇ, ಗಲಾಟೆಯೆಲ್ಲ ಹೊಟ್ಟೆಯೊಳಗೆ: ಒಂದು ಪುಸ್ತಕವಾದರೆ ಕಿತಾಬ್, ಹಲವಾದರೆ ಕುತುಬ್. ಇದನ್ನು ಆಯಿಗೆ ವಿವರಿಸಿದಾಗ ಅವಳು ಬಹಳ ಹೊತ್ತು ಯೋಚಿಸಿ, ಹೊಟ್ಟೆಯೊಳಗೆ ಗಲಾಟೆ ಇದ್ದರೆ ಓಂಕಾಳು ನೆನೆಸಿದ ನೀರು ಕುಡಿಸಬೇಕು ಅಂದಳು.

ಇನ್ನೂ ಒಂದು ಗುಟ್ಟು ಕಂಡುಹಿಡಿದೆ. ಅರಬ್ಬಿ ನಮ್ಮೂರಿಗೆ ನಿಜಾಮರ ಕಾಲದಲ್ಲೇ ಬಂದು ಕೂತುಬಿಟ್ಟಿದೆ, ಯಾರೂ ಎಬ್ಬಿಸಿಲ್ಲ. ಕೋರ್ಟಿನ ಮುಂದೆ ನಿಂತು ಕೇಳಿ: ವಕೀಲ, ತಾರೀಖು, ಕಾಯದೆ, ಜವಾಬು, ಎಲ್ಲ ಅಲ್ಲಿಂದಲೇ ಬಂದ ಮಾಲು. ಮಾಲು ಅನ್ನುವುದೂ ಅಲ್ಲಿಂದಲೇ. ಜುಲು ಮಾತ್ರ ಪೂರಾ ಪರದೇಶ ಅಂದುಕೊಂಡಿದ್ದೆ. ಅದರಲ್ಲಿ ಕೆಲವು ಅಕ್ಷರ ಹೇಳುವುದಿಲ್ಲ, ನಾಲಿಗೆಯಿಂದ ಚಿಟಿಕೆ ಹೊಡೆದ ಹಾಗೆ ಹೊಡೆಯುತ್ತಾರೆ. ಒಂದು ಹಲ್ಲಿನ ಹಿಂದೆ, ಒಂದು ಅಂಗುಳಿನ ಕೆಳಗೆ, ಒಂದು ಗಲ್ಲದ ಪಕ್ಕದಲ್ಲಿ. ಅಡುಗೆಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆ. ಆಯಿ ಬಗ್ಗಿ ನೋಡಿದಳು. ಹಲ್ಲಿನ ಹಿಂದಿನದನ್ನು ಯಾರಾದರೂ ಸತ್ತ ಸುದ್ದಿ ಬಂದಾಗಲೆಲ್ಲ ತಾನು ಮಾಡುತ್ತೇನೆಂದಳು. ಗಲ್ಲದ ಪಕ್ಕದ್ದು ತನ್ನ ತವರಿನಲ್ಲಿ ಎತ್ತು ಹೊರಡಿಸುವ ಸದ್ದು. ನನಗೆ ಎರಡು ವಾರ ಬಾರದೆ ಗಲ್ಲ ನೋಯಿಸಿದ್ದನ್ನು ಆಕೆ ಅರ್ಧ ಹಲ್ಲುದುರಿದ ಬಾಯಲ್ಲಿ ಟಕ್ಕೆಂದು ಹೊಡೆದು ತೋರಿಸಿ, "ಎತ್ತು ಹೊಡ್ಯೂದಕ್ಕ ಇಂಟರ್ನೆಟ್ ಬೇಕಾತೇನ ನಿನಗ?" ಅಂದಳು.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಅಂದರೆ ನಮ್ಮಕ್ಕ ರೇಖಾಳ ಕೂಸು.

ಅಕ್ಕನನ್ನು ಕೊಟ್ಟದ್ದು ಉದಗೀರಕ್ಕೆ. ಮೊದಲ ಬಾಣಂತನ, ತವರಿಗೆ ಬಂದಿದ್ದಳು, ಗಂಡು ಕೂಸು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಯಿತು. ನಮ್ಮ ಕಡೆ ಹೆಸರಿಡುವ ಹಕ್ಕು ಕೂಸಿನ ಸೋದರತ್ತೆಯದು. ಆಕೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ಯಾರಿಗೂ ಗೊತ್ತಿಲ್ಲ, ಆದರೆ ಅಷ್ಟು ಮನಸ್ಸಿಟ್ಟು ಮಾಡುವ ಶಾಸ್ತ್ರ ಇನ್ನೊಂದಿಲ್ಲ. ಆಯಿಯ ಪ್ರಕಾರ ಕಿವಿಗೆ ಮೊದಲು ಬಿದ್ದ ಹೆಸರೇ ಹೆಸರು, ಆಮೇಲೆ ಏನು ಕರೆದರೂ ಅದು ಬರೀ ಕೂಗು. ಹಾಗಾಗಿ ಅಲ್ಲಿಯ ತನಕ ಕೂಸನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುವ ಹಾಗಿರಲಿಲ್ಲ.

ತೊಡಕು ಏನೆಂದರೆ ಸೋದರತ್ತೆಯರು ಇಬ್ಬರು. ದೊಡ್ಡವಳು ಕಮಲಕ್ಕ, ಗಂಡನ ಜೊತೆ ಸೌದಿಯ ಜೆದ್ದಾದಲ್ಲಿ ಇರುವವಳು. ಸಣ್ಣವಳು ಸುನೀತಕ್ಕ, ಗಂಡನಿಗೆ ಆಫ್ರಿಕಾದ ಡರ್ಬನ್ನಿನಲ್ಲಿ ಅರಿವೆ ಅಂಗಡಿಯ ಲೆಕ್ಕ ನೋಡುವ ಕೆಲಸ. ಇಬ್ಬರೂ ಇದೇ ಕಾರ್ಯಕ್ಕೆಂದು ಬಂದಿಳಿದರು. ಕಮಲಕ್ಕ ಒಂದು ಖಜೂರದ ಡಬ್ಬಿ ತಂದಳು, ಸುನೀತಕ್ಕ ಮಣಿ ಪೋಣಿಸಿದ ಒಂದು ಬಳೆ ತಂದಳು. ಜೊತೆಗೆ ಇಬ್ಬರೂ ಒಂದೊಂದು ಹೆಸರು ತಂದಿದ್ದರು. ಕಮಲಕ್ಕನದು ರಿಯಾನ್ಶ್, ಸುನೀತಕ್ಕನದು ಅವ್ಯಾನ್.

ಕಾರ್ಯದ ಹಿಂದಿನ ದಿನ ಪಡಸಾಲೆಯಲ್ಲಿ ಗುಗ್ಗರಿಗೆ ಕಡಲೆ ಆರಿಸುತ್ತ ಕೂತಾಗ ಜಗಳ ಹೊತ್ತಿಕೊಂಡಿತು. ಕಮಲಕ್ಕ ತಾನು ಮೊದಲು ಹುಟ್ಟಿದವಳು ಅಂದಳು. ಸುನೀತಕ್ಕ, ದೊಡ್ಡಣ್ಣನ ಮಗಳಿಗೆ ನೀನೇ ಕುರ್ರ್ ಅಂದಿದ್ದಿ, ಈ ಸಲ ಪಾಳಿ ನಂದು ಅಂದಳು. ತಾನು ದೇಶ ಬಿಟ್ಟು ಬಂದೆನೆಂದು ಒಬ್ಬಳು, ತಾನು ಖಂಡವನ್ನೇ ಬಿಟ್ಟು ಬಂದೆನೆಂದು ಇನ್ನೊಬ್ಬಳು. ಅವ್ವ ಅವರ ನಡುವೆ ಕಡಲೆಯ ಮೊರ ಇಟ್ಟಳು, ಕೈ ತುಂಬಿದರೆ ಬಾಯಿ ಮುಚ್ಚೀತೆಂದು. ಮುಚ್ಚಲಿಲ್ಲ. ಆರಿಸಿದ ಕಡಲೆ ಹಾಗೂ ಕಲ್ಲು ಎರಡೂ ಒಂದೇ ಕಡೆ ಬೀಳತೊಡಗಿದವು. ಕಡೆಗೆ ಕಮಲಕ್ಕ, ತಾನು ಅರಬ್ಬಿಯಲ್ಲಿ ಎರಡು ಮಾತು ಹೇಳಿ ಹೆಸರಿಡುತ್ತೇನೆ, ಕೂಸಿಗೆ ಕಿವಿಯಲ್ಲೇ ಪರದೇಶದ ಯೋಗ ಬರುತ್ತದೆ ಅಂದಳು. ತಂಗಿ ಬಿಡುತ್ತಾಳೆಯೇ? "ಅರಬ್ಬಿ ಉದಗೀರದಾಗೂ ಸಿಗ್ತದ ಬಿಡಕ್ಕಾ. ಜುಲು ಎಲ್ಲಿ ಸಿಗ್ತದ ಹೇಳು" ಅಂದಳು.

ಆಗ ಅಕ್ಕ ನನ್ನನ್ನು ಕಣ್ಣಿನಿಂದಲೇ ಅಡುಗೆಮನೆಗೆ ಕರೆದಳು. ಕೂಸು ಅವಳ ಹೆಗಲ ಮೇಲೆ ಮಲಗಿತ್ತು. ನಮ್ಮಕ್ಕ ಮಾತಾಡುವುದು ಕಡಿಮೆ. ಅವಳ ಪಾಲಿನದೂ ನಾನೇ ಆಡುತ್ತ ಬಂದಿದ್ದೇನೆ. ಆವತ್ತು ಅವಳ ಕಣ್ಣಲ್ಲಿ ನೀರಿತ್ತು.

"ಪಿಂಕಿ, ನನಗ ಎರಡೂ ಹೆಸರು ಬ್ಯಾಡ" ಅಂದಳು. "ಇಬ್ಬರೂ ಹೆಸರಿಟ್ಟು ವಿಮಾನ ಹತ್ತತಾರ. ದಿನಾ ಕರಿಯಾಕಿ ನಾ. ಒಲಿ ಮ್ಯಾಲ ಹಾಲು ಉಕ್ಕೂ ಮುಂದ ರಿಯಾನ್ಶ್ ಅನ್ನೂದರಾಗ ಅರ್ಧ ಹಾಲು ನೆಲಕ್ಕ ಹೋಗಿರ್ತದ."

ಹಾಗಾದರೆ ನಿನಗೇನು ಬೇಕು ಎಂದು ಕೇಳಿದೆ. ಅವಳು ಬಾಗಿಲ ಕಡೆ ನೋಡಿ, ಕದ್ದು ತಂದ ಬೆಲ್ಲ ತೋರಿಸುವ ಹಾಗೆ ಮೆಲ್ಲಗೆ, "ಮಹೇಶ" ಅಂದಳು.

ಮಹೇಶ! ನಮ್ಮ ಪೀಳಿಗೆಯಲ್ಲಿ ಆ ಹೆಸರಿನ ಒಂದು ಕೂಸೂ ಹುಟ್ಟಿಲ್ಲ. ಮಹೇಶ ಎಂಬವರೆಲ್ಲ ಮೀಸೆಯ ಸಮೇತವೇ ಬಂದವರು. ಆದರೆ ಅಕ್ಕ ಅದನ್ನು ಹೇಳಿದ ರೀತಿಗೆ ನಾನು ನಗಲಿಲ್ಲ. ಗಂಡನ ಮನೆಯವರ ಮುಂದೆ, ಅದೂ ಪರದೇಶದಿಂದ ಬಂದ ಇಬ್ಬರು ನಾದಿನಿಯರ ಮುಂದೆ ಅವಳು ಬಾಯಿ ಬಿಡುವ ಹಾಗಿರಲಿಲ್ಲ. "ನೀ ಹುಟ್ಟಿದಾಗಿಂದ ಮಾತಾಡ್ಲಿಕ್ಕತ್ತಿ. ಒಂದು ಸಲ ಉಪಯೋಗ ಆಗೂ ಹಂಗ ಮಾತಾಡು" ಅಂದಳು. ಇಂಥ ಹೊಗಳಿಕೆಗೆ ನಾನು ಕರಗಿಬಿಡುತ್ತೇನೆ.

ಪಡಸಾಲೆಗೆ ಬಂದು ನಿಂತೆ. ಜಗಳ ಬೇಡ, ಪರೀಕ್ಷೆ ಆಗಲಿ ಅಂದೆ. ಯಾರ ಭಾಷೆ ಗಟ್ಟಿಯೋ ಅವರೇ ಹೆಸರಿಡಲಿ. ಎರಡೂ ಭಾಷೆ ಬಲ್ಲವಳು ಈ ತಾಲೂಕಿನಲ್ಲಿ ನಾನೊಬ್ಬಳೇ, ಆದ್ದರಿಂದ ಪರೀಕ್ಷಕಿ ನಾನೇ. ಅವ್ವ ನನ್ನನ್ನು ಸಂಶಯದಿಂದ ನೋಡಿದಳು. ಆಕೆ ನನ್ನ ಹತ್ತನೆಯ ವರ್ಗದ ಗುಣ, ಅಂದರೆ ಮಾರ್ಕ್ಸು, ನೋಡಿದವಳು.

ನೀರು ಕೇಳಿರಿ ಅಂದೆ. ಕಮಲಕ್ಕ ಸೆರಗು ಸರಿಮಾಡಿಕೊಂಡು "ಜೀಬ್ ಮೋಯಾ" ಅಂದಳು, ಬಸ್ಸಿಗೆ ಕೈ ಮಾಡಿದಷ್ಟು ಜೋರಾಗಿ. ಸುನೀತಕ್ಕ ನಯವಾಗಿ "ಙಿಚೇಲಾ ಅಮಾನ್ಜಿ" ಅಂದಳು, ನಡುವಿನ ಅಕ್ಷರವನ್ನು ಹಲ್ಲಿನ ಹಿಂದೆ ಟಚ್ಚೆಂದು ಹೊಡೆದಳು. ಮೂಲೆಯಲ್ಲಿದ್ದ ಆಯಿ ಯಾರು ಸತ್ತರೆಂದು ಕೇಳಿದಳು. ನಾನು ಕಣ್ಣು ಮುಚ್ಚಿ, ತಲೆ ತೂಗಿ, ಇಬ್ಬರಿಗೂ ಸಮ ಅಂದೆ. ಮುಂದಿನ ಪ್ರಶ್ನೆಗೆ ಕಮಲಕ್ಕ ಉಳ್ಳಾಗಡ್ಡಿ, ಹಾಲು, ಬ್ರೆಡ್ಡಿಗೆ ಏನನ್ನುತ್ತಾರೆಂದು ಒಂದೇ ಉಸಿರಿನಲ್ಲಿ ಹೇಳಿದಳು. ಅರಬ್ಬಿಯ ಕಾವ್ಯವೇ ಬಂತೆಂದು ನೆರೆಮನೆಯವರು ಬಾಗಿಲಿಗೆ ಬಂದರು. ನನಗೆ ಮಾತ್ರ ಅದು ಸಂತೆಯ ಚೀಲ ಸುರಿದ ಹಾಗೆ ಕೇಳಿತು. ಸುನೀತಕ್ಕ "ಸಾವುಬೋನಾ" ಅಂದಳು. ಅದು ನನಗೆ ಗೊತ್ತಿತ್ತು, ಫೋನಿನ ಮೊದಲ ಪಾಠವೇ ಅದು. ನಮಸ್ಕಾರ ಅಂದ ಹಾಗೆ ಎಂದು ಸಭೆಗೆ ವಿವರಿಸಿದೆ. ಸುನೀತಕ್ಕ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು.

ಅಷ್ಟರಲ್ಲಿ ಕಮಲಕ್ಕ ಪರೀಕ್ಷಕಿಯನ್ನೇ ಪರೀಕ್ಷಿಸಹೊರಟಳು. ಎಲ್ಲಿ, ನೀನೊಂದು ಅರಬ್ಬಿ ಮಾತಾಡು ಅಂದಳು.  ನಾನು ಹೆದರಿ ನಿಲ್ಲುವವಳಲ್ಲ. ಬೆಳಿಗ್ಗೆ ಅಪ್ಪ ನಾಲಿಗೆ ಉಜ್ಜುವಾಗ ಬರುವ ಸದ್ದುಗಳನ್ನೆಲ್ಲ ನೆನೆಸಿಕೊಂಡು, ಗಂಟಲಿನ ತಳದಿಂದ ಉದ್ದಕ್ಕೆ ಏನೋ ಹೇಳಿ, ಕೊನೆಗೆ ಖಲಾಸ್ ಎಂದು ಮುಗಿಸಿದೆ. ಕಮಲಕ್ಕ ನನ್ನನ್ನೇ ನೋಡಿ, "ಬರೋಬರ್ ಅದ" ಅಂದಳು. ಆಗ ನನಗೆ ಗೊತ್ತಾಯಿತು. ಕಮಲಕ್ಕನವರು ಅಷ್ಟು ವರ್ಷ ಜೆದ್ದಾದಲ್ಲಿ ಕೇರಳದ, ಹೈದರಾಬಾದಿನ ನೆರೆಯವರ ಜೊತೆ ಹಿಂದಿ ಮಾತಾಡಿಕೊಂಡೇ ಇದ್ದವರು. ಅರಬ್ಬಿಯಲ್ಲಿ ಅವರಿಗೆ ಉಳ್ಳಾಗಡ್ಡಿ ಕೊಳ್ಳಲು ಬರುತ್ತದೆ, ಅಷ್ಟೇ. ಪಡಸಾಲೆಯಲ್ಲಿ ಕೂತ ಮೂವರು ಪಂಡಿತರೂ ಒಂದೇ ತೂಕದವರು.

ತೀರ್ಪು ಕೊಟ್ಟೆ. ಸರಿಸಮ. ಇಬ್ಬರೂ ಒಟ್ಟಿಗೆ ಬಗ್ಗಬೇಕು, ಒಬ್ಬರು ಬಲಗಿವಿ, ಒಬ್ಬರು ಎಡಗಿವಿ, ಒಂದೇ ಉಸಿರಿನಲ್ಲಿ ಕುರ್ರ್ ಅನ್ನಬೇಕು. ಇಬ್ಬರಿಗೂ ಅರ್ಧ ಸಿಟ್ಟು ಬಂತು, ಆದರೆ ಇನ್ನೊಬ್ಬಳಿಗೆ ಪೂರಾ ಸಿಗಲಿಲ್ಲವೆಂದು ಒಪ್ಪಿದರು. ಅಕ್ಕ ಮಾತ್ರ ಬಾಗಿಲ ಹಿಂದಿನಿಂದ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಒಂದರ ಬದಲು ಎರಡೂ ಹೆಸರು ಕಿವಿಗೆ ಹಾಕಿಸಲು ಹೊರಟಿದ್ದಾಳಲ್ಲ ಈ ದ್ರೋಹಿ ಅನ್ನುವ ನೋಟ. ತಡಿ ಅಕ್ಕಾ ಎಂದು ಕಣ್ಣು ಹೊಡೆದೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ಕಾಡಿಗೆ ಹಚ್ಚಿ, ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಕುಂಚಿಗೆ ಅಂದರೆ ತಲೆಯಿಂದ ಕಾಲಿನ ತನಕ ಇಳಿಯುವ ಟೊಪ್ಪಿಗೆ, ಒಳಗಿರುವುದು ಕೂಸೋ ಕಲ್ಲೋ ಮೇಲಿನಿಂದ ತಿಳಿಯುವುದಿಲ್ಲ. ಆಮೇಲೆ ಕಲ್ಲು ತೆಗೆದು ಕೂಸನ್ನು ಮಲಗಿಸಬೇಕು. ಆ ಕೆಲಸ ಕೂಸಿನ ಚಿಕ್ಕಮ್ಮನದು. ಅಂದರೆ ನನ್ನದು.

ನಾನು ಮರೆತೆ. ಬಹಳ ಎಚ್ಚರಿಕೆಯಿಂದ ಮರೆತೆ.

ಮರುದಿನ ಸಂಜೆ ಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಸೀರೆ ಸುತ್ತಿ, ಚೆಂಡುಹೂವು, ಬಲೂನು ಕಟ್ಟಿದ್ದರು. ನಾನು ಒಳಕೋಣೆಯಿಂದ ಕೂಸನ್ನು ತರುವ ಹಾಗೆ ಬಂದು, ತೊಟ್ಟಿಲಿಗೆ ಬಗ್ಗಿ ಕಲ್ಲನ್ನೇ ಇನ್ನಷ್ಟು ಹೊದಿಸಿ, ಮಲಗ್ಯಾನ, ಎಬ್ಬಿಸಬ್ಯಾಡ್ರಿ ಅಂದೆ. ಕೂಸು ಒಳಗೆ ಅಕ್ಕನ ಮಡಿಲಲ್ಲಿತ್ತು. ಕಮಲಕ್ಕ ಬಲಕ್ಕೆ ಬಂದಳು, ಸುನೀತಕ್ಕ ಎಡಕ್ಕೆ. ಇಬ್ಬರ ಹಿಂದೆಯೂ ಗುದ್ದುವವರು ತೋಳು ಮಡಚಿ ನಿಂತರು. ಪರೀಕ್ಷಕಿಯೆಂದು ನಾನು ನಡುವೆ.

ಕುರ್ರ್ ಅನ್ನುತ್ತಲೇ ಗುದ್ದು ಸುರುವಾಯಿತು. ನಮ್ಮ ಓಣಿಯ ಹೆಂಗಸರು ರೊಟ್ಟಿ ಬಡಿದು ಬೆಳೆದವರು, ಅವರ ಕೈಯ ಗುದ್ದು ಬೆನ್ನಿನಲ್ಲಿ ಬಿದ್ದು ಎದೆಯಲ್ಲಿ ಏಳುತ್ತದೆ. ಅರ್ಧ ಗುದ್ದುಗಳು ಗುರಿ ತಪ್ಪಿ ನನಗೇ ಬಿದ್ದವು. ಬಲಗಡೆಯಿಂದ "ಅಹ್ಲನ್ ವ ಸಹ್ಲನ್, ರಿಯಾನ್ಶ್" ಎಂಬ ಅರಬ್ಬಿ ಸ್ವಾಗತ ಕೇಳಿತು, ಎಡಗಡೆಯಿಂದ "ಸಾವುಬೋನಾ, ಅವ್ಯಾನ್". ಇಬ್ಬರೂ ಮೂಗು ತಾಗುವಷ್ಟು ಬಗ್ಗಿದ್ದರು. ಸರಿಯಾಗಿ ಆ ಹೊತ್ತಿಗೆ ಒಳಕೋಣೆಯಲ್ಲಿ ಕೂಸು ಒಮ್ಮೆ ಕುಂಯ್ ಅಂದಿತು.  ಇನ್ನೂ ಜೋರಾಗಿ ಗುದ್ರಿ, ಪರದೇಶದಾಗ ಇದು ಸಿಗಂಗಿಲ್ಲ ಎಂದು ಕೂಗಿದೆ. ಅವರು ನನ್ನ ಮಾತು ಅಷ್ಟು ಶ್ರದ್ಧೆಯಿಂದ ಕೇಳಿದ್ದು ಅದೇ ಮೊದಲು, ಅದೇ ಕೊನೆ. ಆ ಗದ್ದಲದ ಮರೆಯಲ್ಲಿ ಅಕ್ಕ ಒಳಗೆ ಕೂಸಿನ ಕಿವಿಗೆ ಬಗ್ಗಿ, ಕುರ್ರ್ ಇಲ್ಲದೆ, ಗುದ್ದಿಲ್ಲದೆ, ಪರದೇಶದ ಒಂದು ಮಾತೂ ಇಲ್ಲದೆ, ಮಹೇಶ ಅಂದಳು.

ಆಮೇಲಿನದು ಸುಲಭವಾಯಿತು. ಹಾಲು ಕುಡಿಸುವ ಹೊತ್ತಾಯಿತೆಂದು ಅಕ್ಕ ಬಂದು ಕುಂಚಿಗೆಯ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು, ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಅಷ್ಟರಲ್ಲಿ ಗುಗ್ಗರಿ ತಿನ್ನುವವರಲ್ಲಿ ಎರಡು ಪಕ್ಷವಾಗಿ, ರಿಯಾನ್ಶೋ ಅವ್ಯಾನೋ ಎಂದು ಸುರುವಾಗಿತ್ತು. ಅಕ್ಕ ನಾನು ಕಲಿಸಿಕೊಟ್ಟ ಮಾತನ್ನು ನನಗಿಂತ ಚೆನ್ನಾಗಿ ಹೇಳಿದಳು. "ಇಬ್ಬರೂ ಪ್ರೀತಿಲೆ ಇಟ್ಟೀರಿ. ಒಂದು ಹಿಡಿದು ಕರದ್ರ ಇನ್ನೊಬ್ಬರಿಗೆ ನೋವಾಗ್ತದ. ಅದಕ್ಕ ಮನ್ಯಾಗ ನಾ ಮಹೇಶ ಅಂತ ಕರೀತೀನ್ರಿ." ಇಬ್ಬರೂ ಆಗಲಿ ಅಂದರು. ನಾನು ಇಷ್ಟು ಬೇಗ ಒಪ್ಪುತ್ತಾರೆಂದು ಅಂದುಕೊಂಡಿರಲಿಲ್ಲ. ಎಲ್ಲ ನನ್ನ ಚಾಣಾಕ್ಷತನ ಎಂದು ಎರಡು ದಿನ ಮನೆಯಲ್ಲಿ ಎದೆಯುಬ್ಬಿಸಿ ತಿರುಗಾಡಿದೆ. ಬೆನ್ನು ನೋಯುತ್ತಿದ್ದುದರಿಂದ ಹೇಗೂ ಬಗ್ಗಲು ಬರುತ್ತಿರಲಿಲ್ಲ.

ಹೊರಡುವ ದಿನ ಕಮಲಕ್ಕ ಖಾಲಿಯಾದ ಖಜೂರದ ಡಬ್ಬಿ ಕೊಡಲು ಅಡುಗೆಮನೆಗೆ ಬಂದಳು. ಅವ್ವ ಚಟ್ನಿ ಅರೆದು ಆಗ ತಾನೇ ಎದ್ದು ಹೋಗಿದ್ದಳು, ನಾನೊಬ್ಬಳೇ ಇದ್ದೆ. ಕಮಲಕ್ಕ ಗುಂಡಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಬಲಗಡೆಗೆ ಮೆಲ್ಲಗೆ ತಟ್ಟಿದಳು.

"ಭಾಳ ತಂಪದ ಕೂಸು" ಅಂದಳು. "ಮೂಗು ಹಚ್ಚಿದಾಗೇ ಗೊತ್ತಾತು."

ನಾನು ಡಬ್ಬಿ ಕೆಳಗಿಟ್ಟು ಅವಳೆದುರು ಕೂತೆ. 

"ಮತ್ತ ಯಾಕ ಸುಮ್ಮನಿದ್ರಿ ಅಕ್ಕಾರ?"

"ನಾ ಬಾಯಿ ಬಿಟ್ರ ಸುನೀತಾ ಒಳಗ ಓಡಿ ಕೂಸಿನ ಕಿವಿ ಹಿಡೀತಿದ್ದಳು. ಆಕಿ ಕಲ್ಲಿಗಿ ಹೆಸರಿಡ್ಲಿಕ್ಕತ್ತಾಳ, ಇಡ್ಲಿ ಬಿಡು ಅಂದೆ." ಮೊಣಕಾಲು ಹಿಡಿದು ಎದ್ದು, "ಮಾಫಿ ಮುಷ್ಕಿಲಾ" ಎಂದು ಹೋದಳು. ಮಾಫಿ ಅಂದರೆ ಅಲ್ಲಿ ಇಲ್ಲ ಎಂದು, ಮುಷ್ಕಿಲ್ ಅನ್ನುವುದನ್ನು ನಿಲಂಗಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸುನೀತಕ್ಕ? ಹೊರಗೆ ಉದಗೀರಕ್ಕೆ ಹೋಗುವ ಗಾಡಿ ನಿಂತಿತ್ತು. ಅವಳ ಚೀಲ ಎತ್ತಿ ಇಡುವ ನೆಪದಲ್ಲಿ ಹತ್ತಿರ ಹೋದೆ. ಅವಳು ಕೂಸಿನ ಕೆನ್ನೆ ಮುಟ್ಟಿ, ಬರ್ತೀನಪಾ ಮಹೇಶಾ ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಪಿಂಕಿ, ಸಾವುಬೋನಾ ಅಂದ್ರ ನಮಸ್ಕಾರ ಅಂತ ಹೇಳಿದಿ ಎಲ್ಲಾರ ಮುಂದ. ಅಲ್ಲಿ ಮಂದಿ ಭೆಟ್ಟಿಯಾದಾಗ ಅಂತಾರ, ಖರೆ. ಆದ್ರ ಆ ಮಾತಿನ ಅರ್ಥ ಏನು ಗೊತ್ತದೇನ?"

ಇಲ್ಲ ಎಂದು ತಲೆಯಾಡಿಸಿದೆ. ಪರೀಕ್ಷಕಿಯ ಕೆಲಸ ಅಲ್ಲಿಗೆ ಹೋಯಿತು.

"ನಿನ್ನ ನಾವು ನೋಡೇವಿ ಅಂತ" ಅಂದಳು. "ಆವತ್ತ ತೊಟ್ಟಿಲದಾಗ ಬಗ್ಗಿ ನಾ ಅದನ್ನ ಕಲ್ಲಿಗಿ ಅಂದೆ ಅಂತ ತಿಳದಿಯೇನ? ನಿನಗ ಅಂದದ್ದು."

 ಸುನೀತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ತೋಳು ಮಡಚಿದಳು.

"ಬಗ್ಗು" ಅಂದಳು. "ಕೂಸಿಗಿ ಹೆಸರಿಟ್ಟಾಕಿಗಿ ಗುದ್ದಬೇಕು. ಪದ್ಧತಿ ಅದ."